ಎಲ್ಕಿಗೆ ಒಂದು ಖಡಕ್ ರೊಟ್ಟಿ

ಆಗ ನನಗೆ ಅರವತ್ತೇಳು ಇರಬೇಕು. ಇದು ನಾಲ್ಕು ವರ್ಷದ ಹಿಂದಿನ ಮಾತು. ಇರಬೇಕು ಎಂದದ್ದು ಯಾಕೆಂದರೆ ನಾನು ಹುಟ್ಟಿದ ದಿನವನ್ನು ಯಾರೂ ನೆನಪಿಟ್ಟಿಲ್ಲ. ಪಾಸ್‌ಪೋರ್ಟಿನಲ್ಲಿರುವುದು ಮಗಳು ಅಂದಾಜಿನಿಂದ ಹೇಳಿದ ತಾರೀಖು. ಔರಾದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಕಮಠಾಣಕ್ಕೆ ಬಂದು, ದನ ಕಟ್ಟಿ, ಬೀದರಿಗೆ ಹಾಲು ಹಾಕಿ ಬದುಕಿದವಳು ನಾನು. ಅಕ್ಷರ ಕಲಿತದ್ದು ಮಗಳನ್ನು ಶಾಲೆಗೆ ಹಾಕಿದ ಮೇಲೆ, ಅವಳ ಪಾಟಿಯ ಮೇಲೇ. ಒತ್ತಕ್ಷರ ಈಗಲೂ ಕೈಕೊಡುತ್ತವೆ. ಆ ಮಗಳು ಈಗ ಭಾಲ್ಕಿಯಲ್ಲಿ ಟೀಚರ್. ಇದನ್ನು ಅವಳೇ ತಿದ್ದಿದ್ದಾಳೆ. ಕೆಲವು ಕಡೆ ಚಂದದ ಮಾತು ಸೇರಿಸಿದ್ದಳು, ಅವನ್ನು ತೆಗೆಸಿದ್ದೇನೆ.

ಕಮಠಾಣ

ಹೋಗಿದ್ದು ಬಾಣಂತನಕ್ಕೆ. ಮಗಳ ಮಗಳು ಸುಜಾತಾ ದನದ ಡಾಕ್ಟರ್. ಬೀದರದಲ್ಲಿ ಓದಿದಳು, ಇನ್ನೂ ಓದುತ್ತೇನೆಂದು ಅಮೆರಿಕಕ್ಕೆ ಹೋದಳು, ಅಲ್ಲಿ ಬೆಟ್ಟದ ಸೀಮೆಯ ಒಂದು ಸಣ್ಣ ಊರಿನಲ್ಲಿ ದನ ನೋಡುತ್ತ ಉಳಿದುಬಿಟ್ಟಳು. ಅಲ್ಲಿಯವನನ್ನೇ ಮದುವೆಯಾದಳು. ಅವನ ಹೆಸರು ಡೀನ್. ಕುದುರೆಗೆ ಲಾಳ ಹೊಡೆಯುವ ಕೆಲಸ. ಮೊದಲ ಹೆರಿಗೆ, ಮಗಳಿಗೆ ಶಾಲೆಯಿಂದ ರಜೆ ಸಿಗಲಿಲ್ಲ, ನಾನು ಹೊರಟೆ.

ನನ್ನ ಆಕಳು ಕಬರಿಯನ್ನು ಪಕ್ಕದ ಮನೆಯ ಖಾಜಾಬಿಗೆ ಒಪ್ಪಿಸಿದೆ.

"ಹೊಲದಾಗಿಂದ ಕರಿಬೇಕಾದ್ರ ಕೈಯಾಗ ಏನರ ಇರಬೇಕ್ ನೋಡು," ಎಂದೆ. "ರೊಟ್ಟಿ ಚೂರಾಗ್ಲಿ, ಹಿಂಡಿಯಾಗ್ಲಿ. ಖಾಲಿ ಕೈಲೆ ಕರದಿ ಅಂದ್ರ ನಾಳಿಂದ ಬರಂಗಿಲ್ಲ."

"ನನಗ್ಯಾಕ ಹೇಳ್ತಿ ಅಕ್ಕಾ? ನಾ ದನಾ ಕಂಡಿಲ್ಲೇನು?" ಎಂದಳು ಖಾಜಾಬಿ. "ನೀ ಅಲ್ಲಿ ಹೋಗಿ ನಿನ್ನ ಕೈಕಾಲು ಸಂಭಾಳ್ಸು. ಕಬರಿ ನಿನಗಿಂತ ಶಾಣ್ಯಾ ಅದ."

ನಮ್ಮಲ್ಲಿ ಇದು ಪೂಜೆಯೂ ಅಲ್ಲ, ಪುಣ್ಯವೂ ಅಲ್ಲ. ಕೆಲಸದ ರೀತಿ. ಸೂಜಿ ಹಾಕಿಸಲು ಕರೆದರೂ ಮೊದಲು ತಿನ್ನಲು ಕೊಟ್ಟು, ಆಮೇಲೆ ಡಾಕ್ಟರಿಗೆ ಹಿಡಿದು ಕೊಡುತ್ತೇವೆ. ಕಸಾಯಿಗೆ ಮಾರಿದ ಆಡನ್ನು ಕರೆಯುವಾಗಲೂ ಕೈಯಲ್ಲಿ ಸೊಪ್ಪು ಇರುತ್ತದೆ.

ನಾಯಿ ಇದ್ದ ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳುವುದೇನಿಲ್ಲ. ಕೂಡಿಸಿ ಕಟ್ಟುತ್ತಾರೆ, ಹೊತ್ತಿಗೆ ಸರಿಯಾಗಿ ಮೇವು ಹಾಕುತ್ತಾರೆ.

ಇಳಿದ ಮೇಲೆ ಒಂದು ನಾಯಿ ಬಂತು. ಕಿವಿ ಜೋಲುಬಿದ್ದ ಸಣ್ಣ ನಾಯಿ, ಮೈಮೇಲೆ ಸರಕಾರಿ ಜಾಕೀಟು. ನನ್ನ ಚೀಲ ಮೂಸಿ ಅದರ ಮುಂದೆ ಕುಳಿತುಬಿಟ್ಟಿತು. ಅದರ ಹಿಂದಿದ್ದ ಪೊಲೀಸಿನಂಥ ಹೆಂಗಸು ಚೀಲ ಬಿಚ್ಚಿಸಿದಳು. ಜೋಳದ ಖಡಕ್ ರೊಟ್ಟಿಯ ಕಟ್ಟು, ನಾವು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಡಬ್ಬಿ, ಬಾಣಂತಿಗೆ ಅಂಟಿನ ಉಂಡಿ, ಹಿತ್ತಲಲ್ಲಿ ಹಾಕಲೆಂದು ಸಬ್ಬಸಿಗೆ ಬೀಜ. ಆಕೆ ಒಂದು ರೊಟ್ಟಿ ಎತ್ತಿ ಮುರಿದಳು. ಟಪ್ ಎಂದಿತು. ಏನೋ ಕೇಳಿದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಹೈದರಾಬಾದಿನ ಒಬ್ಬರು ನನಗೆ ಉರ್ದುವಿನಲ್ಲಿ ತಿಳಿಸಿದರು: ಇದನ್ನು ತಿನ್ನುತ್ತಾರೆಯೇ ಎಂದು ಕೇಳುತ್ತಿದ್ದಾಳೆ.

"ಹಲ್ ಇದ್ದವ್ರು ತಿಂತಾರ," ಎಂದೆ.

ಬೀಜ ಕಸಿದುಕೊಂಡು ರೊಟ್ಟಿ ಬಿಟ್ಟರು. ಹೋಗುವಾಗ ಆಕೆ ಜೇಬಿನಿಂದ ಏನೋ ತೆಗೆದು ನಾಯಿಯ ಬಾಯಿಗೆ ಹಾಕಿದಳು. ಇಲ್ಲಿಯೂ ಖಾಲಿ ಕೈಯಲ್ಲಿ ಕೆಲಸ ತೆಗೆಯುವುದಿಲ್ಲ ಎಂದುಕೊಂಡೆ.

ಸುಜಾತಾಳ ಊರು

ಕೂಸು ಹೆಣ್ಣು, ಗಟ್ಟಿಯಾಗಿತ್ತು. ತೊಂದರೆ ಆದದ್ದು ಅಡುಗೆಮನೆಯಲ್ಲಿ. ಡೀನನ ತಾಯಿ, ಅಂದರೆ ನನ್ನ ಬೀಗಿತ್ತಿ, ಪಕ್ಕದ ರಸ್ತೆಯಲ್ಲೇ ಇರುವವಳು, ದಿನಾ ಬೆಳಿಗ್ಗೆ ಬರುತ್ತಿದ್ದಳು. ಬಾಣಂತಿಗೆ ಐಸ್ ಹಾಕಿದ ನೀರು, ಹಸಿ ಎಲೆ. ನಾನು ಬಿಸಿನೀರು ಕೊಟ್ಟರೆ ಅವಳು ಚೆಲ್ಲುತ್ತಿದ್ದಳು, ಅವಳ ಎಲೆಯನ್ನು ನಾನು ಚೆಲ್ಲುತ್ತಿದ್ದೆ. ಇಬ್ಬರೂ ನಗುನಗುತ್ತಲೇ ಚೆಲ್ಲುತ್ತಿದ್ದೆವು, ಯಾಕೆಂದರೆ ಮಾತು ಬರುತ್ತಿರಲಿಲ್ಲ.

ಆ ಮನೆಯಲ್ಲಿ ಮಾಂಸ ಕೊಳ್ಳುವ ಪದ್ಧತಿ ಇಲ್ಲ. ಹಿಂದಿನ ಶೆಡ್ಡಿನಲ್ಲಿ ನಮ್ಮ ಜೋಳದ ಕಣಜದಷ್ಟು ದೊಡ್ಡ ಫ್ರೀಜರ್ ಇದೆ. ಡೀನ್ ಬಿಲ್ಲುಬಾಣದಿಂದ ಎಲ್ಕ್ ಎಂಬ ಒಂದು ಕಾಡುಪ್ರಾಣಿಯನ್ನು ಹೊಡೆದು ತಂದರೆ ಚಳಿಗಾಲವೆಲ್ಲ ಅದೇ. ಹಿಂದಿನ ವರ್ಷ ಏನೂ ಸಿಕ್ಕಿರಲಿಲ್ಲ. ಮುಚ್ಚಳ ಎತ್ತಿ ನೋಡಿದೆ, ತಳದಲ್ಲಿ ಬರೀ ಮಂಜು.

ಈ ವರ್ಷ ಇನ್ನೊಂದು ಮಾತಿತ್ತು. ಅಲ್ಲಿ ಒಳ್ಳೆಯ ಬೆಟ್ಟಗಳಿಗೆ ಬೇಟೆಯ ಪರವಾನಗಿ ಚೀಟಿ ಎತ್ತಿ ಕೊಡುತ್ತಾರೆ. ಅಂಥ ಒಂದು ಬೆಟ್ಟಕ್ಕೆ ಡೀನ್ ಮದುವೆಗೆ ಮೊದಲಿನಿಂದ ಹೆಸರು ಕೊಡುತ್ತ ಬಂದಿದ್ದ. ಈಗ ಬಂದಿತ್ತು. ಗಂಡು ಎಲ್ಕ್, ಒಂದೇ, ಒಂದೇ ಹಂಗಾಮು. ತಪ್ಪಿದರೆ ಮತ್ತೆ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು.

ಈ ಬೇಟೆಗೆ ಇಬ್ಬರು ಬೇಕು. ಒಬ್ಬ ಮುಂದೆ ಬಿಲ್ಲು ಹಿಡಿದು ಅಡಗಿರುತ್ತಾನೆ. ಇನ್ನೊಬ್ಬರು ಹಿಂದೆ ಕುಳಿತು ಹೆಣ್ಣು ಎಲ್ಕಿನ ಹಾಗೆ ಕೂಗುತ್ತಾರೆ. ಗಂಡು ಕೂಗಿನ ಕಡೆ ನಡೆದು ಬರುವಾಗ ಮುಂದಿದ್ದವನ ಪಕ್ಕ ಹಾಯುತ್ತದೆ. ಕೂಗುವುದು ಸುಜಾತಾಳ ಕೆಲಸವಾಗಿತ್ತು. ಡೀನನ ಅಪ್ಪನ ಮೊಣಕಾಲು ಹೋಗಿದ್ದವು.

"ಆಯಿ, ನೀ ಹೋಗು," ಎಂದಳು ಸುಜಾತಾ. ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ. "ನೀವಿಬ್ರೂ ಹಿಂಗೇ ಒಂದೇ ಒಲಿ ಮುಂದ ನಿಂತ್ರ ನನ್ನ ಎದಿ ಹಾಲು ಬತ್ತತದ."

"ನಾ ಹೋಗಿ ಏನ್ ಮಾಡ್ಲಿ?"

"ಹೆಣ್ಣಿನಂಗ ಒದರೂದು. ಗಂಡು ಬರ್ತದ."

"ಈ ವಯಸ್ಸಿನಾಗ?"

ಬಾಣಂತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೂಗುವವರಿಗೆ ಪರವಾನಗಿ ಬೇಡ, ಬಾಣ ಬಿಡುವವನಿಗೆ ಮಾತ್ರ ಬೇಕು ಎಂದು ಡೀನ್ ವಿಚಾರಿಸಿಕೊಂಡು ಬಂದ. ಸೀರೆಯಲ್ಲಿ ಬೆಟ್ಟ ಹತ್ತಲಾಗದೆಂದು ನನಗೆ ಅವನ ಅಪ್ಪನ ಎಲೆಬಣ್ಣದ ಪ್ಯಾಂಟು ಕೊಟ್ಟರು. ಬೀಗರ ಪ್ಯಾಂಟು ತೊಟ್ಟ ಹೆಂಗಸು ಬೀದರ್ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಸೊಂಟಕ್ಕೆ ಹಗ್ಗ ಕಟ್ಟಿದ ಮೇಲೆ ನಿಂತಿತು.

ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ನಮ್ಮಂಥವರು ಬೇಟೆಗೆ ಹೋಗಬಹುದೇ ಎಂದು ಆಮೇಲೆ ಭಾಲ್ಕಿಯಲ್ಲಿ ಒಬ್ಬರು ಕೇಳಿದರು. ನಾನು ಮಟನ್ ತಿನ್ನುತ್ತೇನೆ. ಕುರಿ ತಾನಾಗಿ ನಮ್ಮ ಗಡಿಗೆಗೆ ಬಂದು ಬೀಳುವುದಿಲ್ಲ.

ಬೆಟ್ಟದ ಮೇಲಿನ ಡೇರೆ

ರಸ್ತೆ ಮುಗಿದ ಮೇಲೆ ಒಂದು ಹಗಲು ಪ್ರಾಣಿಯ ಮೇಲೆ ಹೋಗಬೇಕು. ನನಗೆ ಕೊಟ್ಟದ್ದು ರೂಬಿ ಎಂಬ ಖಚ್ಚರ್. ಅಪ್ಪ ಕತ್ತೆ, ಅವ್ವ ಕುದುರೆ, ಬುದ್ಧಿ ಎರಡರದ್ದೂ ಅಲ್ಲ. ಹಳ್ಳ ದಾಟುವಾಗ ಅದು ನಡುನೀರಿನಲ್ಲಿ ನಿಂತು ಕುಡಿಯಲು ತಲೆ ಬಗ್ಗಿಸಿತು. ನಾನು ಕುತ್ತಿಗೆಯ ಮೇಲಿಂದ ಜಾರಿ ನೀರಿನಲ್ಲಿ ಕುಳಿತೆ.

"ಸುಮ್ ಕೂಡ್ರಿ ಆಯಿ, ಸುಮ್ ಕೂಡ್ರಿ," ಎನ್ನುತ್ತ ಡೀನ್ ಓಡಿಬಂದ.

ಕುಳಿತೇ ಇದ್ದೆ. ಅವನಿಗೆ ಬರುವ ಕನ್ನಡ ಮುಕ್ಕಾಲು ಪಾಲು ಸುಜಾತಾ ಅವನನ್ನು ಬೈಯುವಾಗ ಕಲಿತದ್ದು. ಸುಮ್ ಕೂಡು, ಬಾಯಿ ಮುಚ್ಚು, ಬ್ಯಾಡ ಅಂದ್ರ ಬ್ಯಾಡ. ಹಿರಿಯಳೆಂದು ನನಗೆ ಅದಕ್ಕೆಲ್ಲ ರಿ ಹಚ್ಚುತ್ತಿದ್ದ. ಬೇಟೆಗೆ ಅಷ್ಟೇ ಮಾತು ಸಾಕು. ಮೊಮ್ಮಗಳ ಗಂಡನಿಗೆ ನಾನು ನೀವು ಎನ್ನಬೇಕಿತ್ತು. ಅವನಿಗೆ ಎರಡೂ ಒಂದೇ ಎಂದು ನೀ ಎಂದೆ.

ದಪ್ಪ ಬಟ್ಟೆಯ ಡೇರೆ, ಒಳಗೆ ತಗಡಿನ ಒಲೆ. ನಾವು ಇರುವೆಗೆ ಹೆದರಿ ಸಕ್ಕರೆ ಡಬ್ಬಿಯನ್ನು ನೀರಿನ ತಟ್ಟೆಯಲ್ಲಿಡುತ್ತೇವೆ. ಅವರು ಕರಡಿಗೆ ಹೆದರಿ ತಿನ್ನುವುದನ್ನೆಲ್ಲ ದೂರದ ಮರಕ್ಕೆ ಎಳೆದು ನೇತುಹಾಕುತ್ತಾರೆ. ನನ್ನ ರೊಟ್ಟಿ ಡಬ್ಬಿಯೂ ಮರ ಹತ್ತಿತು. ತಲೆಗೆ ಎಣ್ಣೆ ಬೇಡ, ಸೋಪು ಬೇಡ, ಎಲ್ಕಿನ ಮೂಗು ದೊಡ್ಡದು ಎಂದು ತಾಕೀತು. ಬೆಳಗಾದರೆ ಡೀನ್ ತಗಡಿನ ಡಬ್ಬಿಯಲ್ಲಿ ಓಟ್ಸ್ ಕಾಳು ಹಾಕಿ ಗಲಗಲ ಆಡಿಸುತ್ತಿದ್ದ. ಹುಲ್ಲುಗಾವಲಿನ ಆಚೆಯಿಂದ ರೂಬಿ ಬರುತ್ತಿತ್ತು. ನಾನು ಕರೆದರೆ ಕಿವಿಯನ್ನೂ ಆಡಿಸುತ್ತಿರಲಿಲ್ಲ.

ಮೊದಲ ಕೂಗುಗಳು

ಎಲ್ಕ್ ಎಂದರೆ ನಮ್ಮ ಕಡೆ ಜನವಾಡದ ಹೊಲಕ್ಕೆ ನುಗ್ಗುವ ಜಿಂಕೆಯ ಅಣ್ಣ ಇರಬಹುದು ಎಂದುಕೊಂಡಿದ್ದೆ. ಅಲ್ಲ. ಎತ್ತಿನಷ್ಟು ಎತ್ತರ, ತಲೆಯ ಮೇಲೆ ಒಣಗಿದ ಜಾಲಿಮರ. ಅದು ಕೂಗುವುದನ್ನು ಕೇಳಿ ಬೀದಿಯ ಕೈಪಂಪು ನೆನಪಾಯಿತು. ಎಣ್ಣೆ ಕಾಣದ ಪಂಪನ್ನು ಎತ್ತಿದಂತೆ ಕಿರ್ರೆಂದು ಮೇಲೇರುತ್ತದೆ, ಕೊನೆಗೆ ನಾಲ್ಕು ಕೆಮ್ಮು. ಡೀನ್ ಒಂದು ಉದ್ದ ಕೊಳವೆ ಊದಿ ಅದೇ ಕೂಗು ಕೂಗುತ್ತಿದ್ದ. ನನಗೆ ಕೊಟ್ಟದ್ದು ರಬ್ಬರಿನ ಸಣ್ಣ ಪೀಪಿ. ಒತ್ತಿದರೆ ಬೆಕ್ಕಿನಂತೆ ಮಿಯಾಂವ್ ಎನ್ನುತ್ತದೆ. ಅಷ್ಟು ದೊಡ್ಡ ಹೆಣ್ಣು ಹೀಗೆ ಕೂಗುತ್ತದೆಂದು ನನಗೆ ನಂಬಿಕೆ ಬರಲಿಲ್ಲ. ಗಂಡಿಗೆ ಬಂತು. ಕಣಿವೆಯ ಆಚೆಯಿಂದ ಉತ್ತರ ಕೊಟ್ಟಿತು.

ಬರಲಿಲ್ಲ. ಮರಗಳ ಅಂಚಿಗೆ ಬಂದು, ಕಾಣದಂತೆ ನಿಂತು, ಕೊಂಬಿನಿಂದ ಒಂದು ಗಿಡವನ್ನು ಬಡಿದು ಬಡಿದು ಹೊರಟುಹೋಯಿತು. ಇನ್ನೊಂದು ದಿನ ಗಾಳಿ ತಿರುಗಿತು. ಮತ್ತೊಂದು ದಿನ ನನಗೆ ಕೆಮ್ಮು ಬಂತು. ಹೆಣ್ಣಿನ ಗುಂಪು ನಡೆದಾಡಿದಂತೆ ಸದ್ದು ಬರಲೆಂದು ಡೀನ್ ನನಗೆ ಒಣಕಡ್ಡಿ ತುಳಿದು ಮುರಿಯಲು ಹೇಳಿಕೊಟ್ಟ. ಅದು ನನಗೆ ಹೇಳಿಕೊಡಬೇಕಾದ ಕೆಲಸವಲ್ಲ, ಆದರೂ ಎಲ್ಕ್ ಬರಲಿಲ್ಲ.

ಒಲೆಯ ಮುಂದೆ ಕುಳಿತಾಗ ಕೇಳಿದೆ.

"ನಾ ಕರೀತೀನಿ. ಅದು ಬಂತು ಅಂದ್ರ ಅದಕ್ಕ ಏನ್ ಸಿಗ್ತದ?"

ಡೀನ್ ಯೋಚಿಸಿದ. "ಬಾಣ ರೀ," ಎಂದ.

ದಿನಗಳು ಹೋದಂತೆ ಅವನು ಊಟ ಕಡಿಮೆ ಮಾಡಿದ. ಬಾಣಗಳನ್ನು ತೆಗೆದು ಒರೆಸುವುದು, ಮತ್ತೆ ಇಡುವುದು. ಮಾಂಸ ತುಂಬಿ ತರಲು ಸುಜಾತಾ ಕಟ್ಟಿ ಕಳಿಸಿದ್ದ ಖಾಲಿ ಚೀಲಗಳು ಡೇರೆಯ ಮೂಲೆಯಲ್ಲಿ ಮಡಿಸಿಕೊಂಡೇ ಇದ್ದವು.

ಹಂಗಾಮಿನ ಕೊನೆಯ ಸಂಜೆ

ಆ ಸಂಜೆ ಗಾಳಿ ನಮ್ಮ ಮುಖಕ್ಕೇ ಬೀಸುತ್ತಿತ್ತು. ಕೆಳಗಿನ ಕಣಿವೆಯಲ್ಲಿ ಕೈಪಂಪು ಕೂಗಿತು. ಡೀನ್ ನನ್ನನ್ನು ಬಿದ್ದ ಮರದ ಹಿಂದೆ ಕೂಡಿಸಿ, ತಾನು ಇಳಿಜಾರಿನಲ್ಲಿ ಒಂದು ಕಲ್ಲೆಸೆತದಷ್ಟು ಮುಂದೆ ಹೋಗಿ ಗಿಡದ ಮರೆಗೆ ನಿಂತ. ಹೋಗುವಾಗ ಬೆರಳು ತುಟಿಗಿಟ್ಟು, "ಬಾಯಿ ಮುಚ್ಚ್ರಿ," ಎಂದು ಮೆಲ್ಲಗೆ ಹೇಳಿದ. ಮುಚ್ಚಿದೆ.

ಪೀಪಿ ಒತ್ತಿದೆ. ಗಂಡು ಉತ್ತರ ಕೊಟ್ಟಿತು. ಮತ್ತೆ ಒತ್ತಿದೆ. ಈಗ ಇನ್ನೂ ಹತ್ತಿರದಿಂದ ಕೊಟ್ಟಿತು. ಬರುತ್ತಿದೆ ಎಂದು ತಿಳಿಯಿತು. ನನ್ನ ಕೈ ನೋಡಿಕೊಂಡೆ, ಒಂದರಲ್ಲಿ ರಬ್ಬರು, ಇನ್ನೊಂದು ಖಾಲಿ. ಮೊದಲ ದಿನದಿಂದಲೂ ಇದು ನನಗೆ ಸರಿ ಕಂಡಿರಲಿಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ ಎಂಬುದಕ್ಕೂ ಇದೇ ಕಾರಣ ಎನ್ನಿಸಿತು. ಬೀಗರ ಪ್ಯಾಂಟಿನ ಜೇಬಿನಲ್ಲಿ ಮಧ್ಯಾಹ್ನ ಉಳಿದ ಒಂದು ರೊಟ್ಟಿ ಇತ್ತು, ಶೇಂಗಾ ಹಿಂಡಿ ಹಚ್ಚಿದ್ದು. ಎದ್ದು ನಾಲ್ಕು ಹೆಜ್ಜೆ ಹೋಗಿ ಬಯಲಿನಲ್ಲಿದ್ದ ಒಂದು ಚಪ್ಪಟೆ ಕಲ್ಲಿನ ಮೇಲೆ ಇಟ್ಟೆ. ಬಂದು ಕುಳಿತೆ. ಮನಸ್ಸು ನೆಟ್ಟಗಾಯಿತು. ಆಮೇಲೆ ಒತ್ತಿದ ಪೀಪಿ ಚೆನ್ನಾಗಿ ಕೂಗಿತು.

ಅದು ಬಂತು. ಮೊದಲು ಕೊಂಬೆ ಮುರಿಯುವ ಸದ್ದು, ಆಮೇಲೆ ವಾಸನೆ. ಮದ ಬಂದ ಹೋತದ ಗಬ್ಬು. ಡೀನನ ಹತ್ತಿರಕ್ಕೇ ಬಂತು, ಆದರೆ ಮುಖ ನೇರ ಅವನ ಕಡೆ ಇತ್ತು. ಹಾಗಿದ್ದಾಗ ಬಾಣ ಬಿಡಬಾರದಂತೆ, ಪಕ್ಕೆ ತಿರುಗಬೇಕಂತೆ. ತಿರುಗದೆ, ಅವನ ಗಿಡದ ಮರೆಯಲ್ಲೇ ಹಾಯ್ದು ನನ್ನ ಕಡೆಗೇ ಬಂತು. ಕಲ್ಲಿನ ಹತ್ತಿರ ಅಡ್ಡ ತಿರುಗಿ ನಿಂತಿತು. ತಲೆ ಬಗ್ಗಿಸಿತು. ಈಗ ಅದರ ಇಡೀ ಪಕ್ಕೆ ಡೀನನಿಗೆ ಬಾಗಿಲಿನಂತೆ ತೆರೆದಿತ್ತು.

ಅವನು ಬಿಲ್ಲು ಎಳೆದಿದ್ದ. ಮೊಣಕೈ ಕಿವಿಯ ಹಿಂದೆ. ನಾನು ಬಾಣದ ಸದ್ದಿಗೆ ಕಾಯುತ್ತಿದ್ದೆ. ಅವನ ಕಣ್ಣು ಎಲ್ಕಿನ ಪಕ್ಕೆಯಿಂದ ಅದರ ಮೂತಿಗೆ, ಮೂತಿಯಿಂದ ಕಲ್ಲಿಗೆ ಇಳಿಯಿತು. ಕಪ್ಪು ಕಲ್ಲಿನ ಮೇಲೆ ಬಿಳಿ ರೊಟ್ಟಿ ಚಂದ್ರನಂತೆ ಕಾಣುತ್ತಿತ್ತು. ಅವನು ಬಿಲ್ಲಿನ ಹಗ್ಗವನ್ನು ಮೆಲ್ಲಗೆ, ಸದ್ದಾಗದಂತೆ, ಸಡಿಲಬಿಟ್ಟ. ಬಾಣ ಬಿಲ್ಲಿನಲ್ಲೇ ಉಳಿಯಿತು.

ಎಲ್ಕ್ ರೊಟ್ಟಿಯನ್ನು ಮೂಸಿತು. ತಿನ್ನಲಿಲ್ಲ. ನನ್ನ ಕೈಯ ವಾಸನೆ ಹತ್ತಿರಬೇಕು, ಮೂಗಿನಿಂದ ಭುಸ್ ಎಂದು ಒಂದೇ ನೆಗೆತಕ್ಕೆ ಹೋಯಿತು. ಗೊರಸು ಬಿದ್ದು ರೊಟ್ಟಿ ಚೂರುಚೂರಾಗಿ ಹುಲ್ಲಿನಲ್ಲಿ ಚೆಲ್ಲಿತು. ಕಬರಿಯಾದರೆ ತಿಂದೇ ಹೋಗುತ್ತಿತ್ತು.

ಡೀನ್ ಮೊಣಕಾಲ ಮೇಲೆ ಕೈಯೂರಿ ಬಹಳ ಹೊತ್ತು ಬಗ್ಗಿ ನಿಂತ. ಹೊಟ್ಟೆನೋವು ಬಂದಿರಬೇಕೆಂದು ನಾನು ಹತ್ತಿರ ಹೋದೆ.

"ಯಾಕ ಬಿಡ್ಲಿಲ್ಲ?"

"ರೊಟ್ಟಿ," ಎಂದ. "ತಿನ್ಲಿಕ್ಕ ಇಟ್ಟು ಹೊಡೀಬಾರ್ದು ರೀ ಆಯಿ. ಕಾನೂನು. ಬ್ಯಾಡ ಅಂದ್ರ ಬ್ಯಾಡ."

"ರೂಬಿಗೆ ದಿನಾ ಕಾಳ್ ತೋರ್ಸಿ ಕರೀತಿಯಲ್ಲ."

"ರೂಬಿ ನಂದು ರೀ. ಇದು ನಂದಲ್ಲ."

"ಇಲ್ಲಿ ಯಾರ್ ನೋಡ್ತಾರ?"

"ನಾ ನೋಡ್ದೆ."

ನಮ್ಮಲ್ಲಿ ಕೊಡದೆ ಕರೆಯುವುದು ಮೋಸ. ಅಲ್ಲಿ ಕೊಟ್ಟು ಕರೆಯುವುದು ಮೋಸ. ಕೊನೆಗೆ ಎರಡೂ ಕಡೆ ಕತ್ತಿ ಒಂದೇ. ಇದನ್ನು ಅವನಿಗೆ ಹೇಳುವಷ್ಟು ಮಾತು ನಮ್ಮಿಬ್ಬರ ನಡುವೆ ಇರಲಿಲ್ಲ. ಅವನು ಬೆನ್ನು ತಿರುಗಿಸಿ ತೋಳಿನಿಂದ ಮುಖ ಒರೆಸಿಕೊಂಡ. ನಾನು ಬೂಟಿನ ದಾರ ಕಟ್ಟಿಕೊಂಡೆ. ಸೂರ್ಯ ಮುಳುಗಿದ, ಹಂಗಾಮು ಮುಗಿಯಿತು. ಹಾಕಿದ ರೊಟ್ಟಿಯನ್ನು ಅಲ್ಲೇ ಬಿಟ್ಟುಹೋಗಬಾರದು ಎಂದು ಅವನು ಹುಲ್ಲು ಕೆದಕಿದ. ಬೆಳಕು ಸಾಲದೆ ಡೇರೆಗೆ ಬಂದೆವು.

ಆ ಚಳಿಗಾಲ ಆ ಮನೆಯವರು ಅಂಗಡಿಯ ಕೋಳಿ ತಿಂದರು. ಬೀಗಿತ್ತಿ ನನಗೆ ಒಂದು ಮಾತೂ ಅನ್ನಲಿಲ್ಲ, ನಾನಿದ್ದಷ್ಟು ದಿನ ನಾನು ಕೊಟ್ಟ ಬಿಸಿನೀರನ್ನು ಚೆಲ್ಲಲೂ ಇಲ್ಲ. ಅದು ಯಾಕೆಂದು ನನಗೆ ಗೊತ್ತಿಲ್ಲ. ಡೀನ್ ವರ್ಷಾ ಚೀಟಿಗೆ ಹೆಸರು ಕೊಡುತ್ತಾನೆ ಎಂದು ಸುಜಾತಾ ಫೋನಿನಲ್ಲಿ ಹೇಳುತ್ತಾಳೆ. ಇನ್ನೂ ಬಂದಿಲ್ಲ. ಖಾಜಾಬಿಗೆ ಎಲ್ಲ ಹೇಳಿದೆ. "ಅಷ್ಟ್ ದೂರ ಹೋಗಿ ಒಂದ್ ರೊಟ್ಟಿ ಹಾಳ್ ಮಾಡಿ ಬಂದಿ ಅನ್ನು," ಎಂದಳು.

ಮರುದಿನ ಬೆಳಿಗ್ಗೆ

ಆ ಸಂಜೆಯ ಮರುದಿನ ಡೇರೆಯಲ್ಲಿ ನಾನು ಎದ್ದಾಗ ಡೀನ್ ಇನ್ನೂ ಮಲಗಿದ್ದ. ದಿನಾ ನನಗಿಂತ ಮೊದಲು ಏಳುವವನು. ಬಿಲ್ಲು ಪೆಟ್ಟಿಗೆ ಸೇರಿತ್ತು.

ನಾನು ಕರಡಿಗೆ ಕೇಳಲೆಂದು ತಟ್ಟೆ ಬಡಿಯುತ್ತ ಆ ಕಲ್ಲಿನ ಹತ್ತಿರ ಹೋದೆ. ರೊಟ್ಟಿಯ ಚೂರುಗಳ ಮೇಲೆ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಬಗ್ಗಿ ಎಲ್ಲವನ್ನೂ ಆರಿಸಿದೆ, ಹುಲ್ಲಿನ ಬುಡದಲ್ಲಿದ್ದ ಹಿಂಡಿಯ ಪುಡಿಯನ್ನೂ ಬಿಡಲಿಲ್ಲ. ವಾಪಸು ಬರುವಾಗ ರೂಬಿ ಹುಲ್ಲುಗಾವಲಿನ ಆಚೆ ನಿಂತಿತ್ತು. ಕಬರಿಯನ್ನು ಕರೆಯುವಂತೆ, ಹೋ, ಬಾ ಬಾ ಬಾ ಎಂದೆ, ಅಂಗೈ ಚಾಚಿ. ನಿಂತು ನೋಡಿತು. ಆಮೇಲೆ ಬಂತು. ಚೂರುಗಳನ್ನೆಲ್ಲ ತಿಂದು, ಹಿಂಡಿಯ ಖಾರಕ್ಕೆ ಸೀನಿತು. ಅದರ ಕಿವಿ ಹಿಡಿದುಕೊಂಡೇ ಡೇರೆಗೆ ತಂದು ಕಟ್ಟಿದೆ.

ಒಲೆ ಹಚ್ಚಿ ಚಹಾಕ್ಕಿಟ್ಟೆ. ಮರದಿಂದ ಡಬ್ಬಿ ಇಳಿಸಿದೆ. ಕೊನೆಯ ಒಂದು ರೊಟ್ಟಿ ಉಳಿದಿತ್ತು. ಹಿಂಡಿ ಹಚ್ಚಿ, ಕೈಯಲ್ಲಿ ಹಿಡಿದುಕೊಂಡು ಡೇರೆಯ ಬಾಗಿಲಲ್ಲಿ ನಿಂತೆ.

"ಡೀನ್, ಬಾರಪಾ."

ಬಂದ. ರೊಟ್ಟಿ ತಗೊಂಡು, ಟಪ್ ಎಂದು ಮುರಿದು, ಅರ್ಧ ನನಗೆ ಕೊಟ್ಟ.